ಏಡಿ, ಸೀಗಡಿಗಳ ಪಳೆಯುಳಿಕೆ ಹುಡುಕುವ ಹವ್ಯಾಸ: ದಾವಣಗೆರೆ, ಚಿತ್ರದುರ್ಗದವರು ಎಲ್ಲಿಂದ ಆರಂಭಿಸಬೇಕು?

ಹಿರಿಯೂರಿನವಳು, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ; ತವರುಮನೆ ಹಿರಿಯೂರು ತಾಲ್ಲೂಕಿನಲ್ಲಿದೆ. ಸಂಧಿಪದಿಗಳ ಪಾಠ ಬಂದಾಗಲೆಲ್ಲ ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ಸಿಗುವ ಏಡಿಯ ಚಿಪ್ಪನ್ನು ತರಗತಿಗೆ ಒಯ್ದು ತೋರಿಸುವುದು ನನ್ನ ರೂಢಿ. ಆ ಕುತೂಹಲವೇ ಬೆಳೆದು ಈಗ ಏಡಿ, ಸೀಗಡಿಗಳ ಪಳೆಯುಳಿಕೆಗಳ ಕಡೆಗೆ ಮನಸ್ಸು ತಿರುಗಿದೆ. ಕಾಲಿನ ಗೆಣ್ಣುಗಳು, ಮೀಸೆಯ ಎಳೆಗಳು, ಕಣ್ಣಿನ ತೊಟ್ಟು ಕೂಡ ಮಾಸದೆ ಕಲ್ಲಿನಲ್ಲಿ ಉಳಿದಿರುವ ಚಿತ್ರಗಳನ್ನು ನೋಡಿದಾಗ, ಅಂತಹ ಒಂದನ್ನಾದರೂ ನನ್ನ ಕೈಯಾರೆ ಹುಡುಕಿ ತೆಗೆಯಬೇಕೆಂಬ ಆಸೆ ಹುಟ್ಟುತ್ತದೆ. ರಜೆಯ ದಿನಗಳನ್ನು ಇದಕ್ಕೆ ಮೀಸಲಿಡಲು ಸಿದ್ಧಳಿದ್ದೇನೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಇಂತಹ ಪಳೆಯುಳಿಕೆ ಸಿಗುವ ಸಾಧ್ಯತೆ ಇದೆಯೇ? ಇಲ್ಲವಾದರೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿಬರಬಹುದಾದ ದೂರದಲ್ಲಿ ಎಲ್ಲಿವೆ? "ಚೆನ್ನಾಗಿ ಉಳಿದಿದೆ" ಎಂದು ಬಲ್ಲವರು ಹೇಳುವುದು ಯಾವ ಲಕ್ಷಣಗಳನ್ನು ನೋಡಿ? ಕಲ್ಲಿನಿಂದ ಬಿಡಿಸುವ ಕ್ರಮ, ಕಾನೂನಿನ ಕಟ್ಟುಪಾಡುಗಳನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಜೊತೆಗೆ ನನ್ನ ಬಳಿ ಇರುವ ಎರಡು ವಸ್ತುಗಳ ಬಗ್ಗೆಯೂ ಕೇಳಬೇಕಿದೆ. ಒಂದು, ನಮ್ಮ ಹಳೆಯ ಮನೆಯ ನೆಲದಿಂದ ಎತ್ತಿದ ಶಹಾಬಾದ್ ಕಲ್ಲಿನ ಚೂರು. ಅದರ ಮೇಲೆ ಸೀಗಡಿಯ ಮೀಸೆ, ಕಾಲುಗಳನ್ನು ಹೋಲುವ ಕಪ್ಪು ಕವಲುಗಳು ಹರಡಿಕೊಂಡಿವೆ. ಇನ್ನೊಂದು, ಅಣ್ಣನ ಎರೆಹೊಲದಲ್ಲಿ ನೇಗಿಲಿಗೆ ಸಿಕ್ಕ ನಿಂಬೆಗಾತ್ರದ ಉಂಡೆಗಲ್ಲುಗಳು. ಏಡಿಗಳು ಇಂತಹ ಉಂಡೆಗಳ ಒಳಗೇ ಇರುತ್ತವೆ ಎಂದು ಓದಿದ್ದರಿಂದ ಇನ್ನೂ ಒಡೆದಿಲ್ಲ.

ಕೋಟೆನಾಡಿನ ಕಲ್ಲು, ಚಿತ್ರದುರ್ಗ

ಮೇಡಂ, ನಾನು ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ನಮ್ಮ ಎರಡೂ ಜಿಲ್ಲೆಗಳ ತಳಶಿಲೆಯಲ್ಲಿ ಏಡಿಯಾಗಲಿ, ಸೀಗಡಿಯಾಗಲಿ ಸಿಗುವುದಿಲ್ಲ. ಇಲ್ಲಿ ಯಾರೂ ಸರಿಯಾಗಿ ಹುಡುಕಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಈ ಶಿಲೆಗಳು ರೂಪುಗೊಂಡ ಕಾಲಕ್ಕೆ ಭೂಮಿಯ ಮೇಲೆ ಪ್ರಾಣಿಗಳೇ ಇರಲಿಲ್ಲ. ಗದಗದ ಕಡೆಯಿಂದ ಚಿತ್ರದುರ್ಗವನ್ನು ಹಾದು ಶ್ರೀರಂಗಪಟ್ಟಣದ ಕಡೆಗೆ ಇಳಿಯುವ ಶಿಲಾಪಟ್ಟಿಯಲ್ಲಿ ಚಿತ್ರದುರ್ಗ ಗುಂಪು ಎಂದು ಕರೆಯಲಾಗುವ ಪದರಗಳ ವಯಸ್ಸು ಸುಮಾರು 260ರಿಂದ 270 ಕೋಟಿ ವರ್ಷ. ಏಡಿ, ಸೀಗಡಿಗಳು ಸೇರಿರುವ ಕ್ರಸ್ಟೇಷಿಯಾ ಗುಂಪಿನ ಪ್ರಾಣಿಗಳ ಗುರುತು ಕಾಣಿಸಿಕೊಳ್ಳುವುದು ಸುಮಾರು 50 ಕೋಟಿ ವರ್ಷಗಳ ಹಿಂದಿನ ಕೇಂಬ್ರಿಯನ್ ಯುಗದ ಶಿಲೆಗಳಲ್ಲಿ. ಹತ್ತು ಕಾಲಿನ ಸೀಗಡಿ ವರ್ಗದ ಅತಿ ಹಳೆಯ ನಮೂನೆಗಳಲ್ಲಿ ಒಂದಾದ ಪೇಲಿಯೊಪೇಲಿಮಾನ್ ಸುಮಾರು 36 ಕೋಟಿ ವರ್ಷಗಳಷ್ಟು ಹಳೆಯದು; ಏಡಿಗಳು ಬಂದದ್ದು ಅದಕ್ಕೂ ಬಹಳ ತಡವಾಗಿ, ಜುರಾಸಿಕ್ ಯುಗದಲ್ಲಿ. ಹೀಗಿರುವಾಗ ಚಿತ್ರದುರ್ಗದ ಕಲ್ಲಿನಲ್ಲಿ ಏಡಿಯನ್ನು ಹುಡುಕುವುದೆಂದರೆ ಮುತ್ತಜ್ಜನ ಮದುವೆಯ ಫೋಟೊದಲ್ಲಿ ಮರಿಮಗನ ಮುಖವನ್ನು ಹುಡುಕಿದಂತೆ.

ಆದರೆ ನಿಮ್ಮ ತವರಿನ ಕಲ್ಲು ಬರಿದಾಗಿದೆ ಎಂದು ಭಾವಿಸಬೇಡಿ. ವಾಣಿವಿಲಾಸ ಸಾಗರದ ಹೆಸರನ್ನೇ ಹೊತ್ತಿರುವ ವಾಣಿವಿಲಾಸ ಶಿಲಾಸ್ತರದ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ತೆಳುಹಾಸುಗಳು ಒಂದರ ಮೇಲೊಂದು ಬೆಳೆದು, ಕೆಸರನ್ನೂ ಸುಣ್ಣವನ್ನೂ ಹಿಡಿದಿಟ್ಟು ಕಟ್ಟಿದ ಪದರುಗಳು ಅವು. ಅಡ್ಡಕೊಯ್ತದಲ್ಲಿ ನೋಡಿದರೆ ಕಮಾನುಗಳಂತೆ ಬಾಗಿದ ಸಣ್ಣ ಗೆರೆಗಳು ಒಂದರೊಳಗೊಂದು ಕೂತಿರುತ್ತವೆ. ನಮ್ಮ ನೆಲದಲ್ಲಿ ಜೀವದ ಗುರುತೆಂದು ತೋರಿಸಬಹುದಾದದ್ದು ಇದೇ. ನಿಮ್ಮ ವಿದ್ಯಾರ್ಥಿಗಳು ಏಡಿಗಿಂತ ಮೊದಲು ಇದನ್ನು ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ, ಏಕೆಂದರೆ ಪಳೆಯುಳಿಕೆಯ ಹುಡುಕಾಟದಲ್ಲಿ ಪ್ರಾಣಿಗಿಂತ ಮೊದಲು ಕಲ್ಲಿನ ವಯಸ್ಸನ್ನೂ ಅದು ಹುಟ್ಟಿದ ಬಗೆಯನ್ನೂ ಕೇಳುವ ಅಭ್ಯಾಸ ಬೆಳೆಯಬೇಕು. ಬೆಂಕಿಯಿಂದ ಹುಟ್ಟಿದ ಗ್ರಾನೈಟ್, ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಮಾರ್ಪಟ್ಟ ನೈಸ್ ಮತ್ತು ಶಿಸ್ಟ್, ನೀರಿನಲ್ಲಿ ಕೂತು ಗಟ್ಟಿಯಾದ ಜೇಡಿಗಲ್ಲು ಮತ್ತು ಸುಣ್ಣಕಲ್ಲು, ಇವುಗಳನ್ನು ಕೈಯಲ್ಲಿ ಹಿಡಿದೊಡನೆ ಗುರುತಿಸಲು ಬಂದರೆ ಅರ್ಧ ದಾರಿ ಕಳೆದಂತೆಯೇ.

ಶಹಾಬಾದ್ ಕಲ್ಲಿನ ಮೇಲಿನ ಕಪ್ಪು ಕವಲುಗಳು ಪಳೆಯುಳಿಕೆಯಲ್ಲ. ಅವನ್ನು ಡೆಂಡ್ರೈಟ್ ಎನ್ನುತ್ತಾರೆ. ಮ್ಯಾಂಗನೀಸ್ ಮತ್ತು ಕಬ್ಬಿಣದ ಅಂಶ ಕರಗಿರುವ ನೀರು ಕಲ್ಲಿನ ಪದರುಗಳ ಸಂದಿಯಲ್ಲಿ ಹರಿದು, ಆ ಖನಿಜವನ್ನು ಕವಲುಕವಲಾಗಿ ಬಿಟ್ಟುಹೋದಾಗ ಇಂತಹ ಚಿತ್ರ ಮೂಡುತ್ತದೆ. ಚೂರನ್ನು ಬೆಳಕಿಗೆ ಓರೆಯಾಗಿ ಹಿಡಿದು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಕವಲುಗಳು ಕಲ್ಲಿನ ಅಂಚಿನಿಂದಲೋ ಬಿರುಕಿನಿಂದಲೋ ಹೊರಟು ಒಳಕ್ಕೆ ಹರಡಿರುತ್ತವೆ. ಕಾಲಿಗೆ ಇರಬೇಕಾದ ಗೆಣ್ಣು, ಎಡಬಲದ ಹೊಂದಿಕೆ, ಚಿಪ್ಪಿನ ದಪ್ಪ ಯಾವುದೂ ಕಾಣುವುದಿಲ್ಲ. ಅಲ್ಲದೆ ಭೀಮಾ ಕಣಿವೆಯ ಆ ಸುಣ್ಣಕಲ್ಲು ಕೂಡ ಏಡಿ, ಸೀಗಡಿಗಳ ಕಾಲಕ್ಕಿಂತ ಬಹಳ ಹಿಂದಿನದು.

ಎರೆಹೊಲದ ಉಂಡೆಗಳನ್ನು ಧೈರ್ಯವಾಗಿ ಒಡೆಯಬಹುದು. ಮಳೆ ಕಡಿಮೆ ಇರುವ ನಮ್ಮ ಸೀಮೆಯ ಮಣ್ಣಿನಲ್ಲಿ ಸುಣ್ಣ ಮೇಲೆ ಕೆಳಗೆ ಚಲಿಸಿ ಅಲ್ಲಲ್ಲೇ ಗಂಟುಕಟ್ಟುತ್ತದೆ. ಹಿಂದೆ ಗಾರೆಗೆ ಸುಡುತ್ತಿದ್ದ ಸುಣ್ಣದ ಹರಳು ಇದೇ. ಒಳಗೆ ಬೂದುಬಿಳಿ ಪುಡಿಯಂತಹ ರಚನೆ ಕಾಣುತ್ತದೆ, ನಿಂಬೆರಸ ಬಿಟ್ಟರೆ ನೊರೆಯೇಳುತ್ತದೆ. ಏಡಿ ಇರುವ ಉಂಡೆಗಳು ಹುಟ್ಟುವುದು ಸಮುದ್ರದ ಅಥವಾ ಕೆರೆಯ ತಳದ ಕೆಸರಿನಲ್ಲಿ, ಕೊಳೆಯುತ್ತಿರುವ ದೇಹದ ಸುತ್ತ. ಹೊಲದ ಮಣ್ಣಿನಲ್ಲಿ ಅಲ್ಲ.

ಒಂದು ಎಚ್ಚರಿಕೆಯ ಮಾತು. ಚಿತ್ರದುರ್ಗದ ಕೋಟೆ ಸಂರಕ್ಷಿತ ಸ್ಮಾರಕ, ಜೋಗಿಮಟ್ಟಿ ಕಾಯ್ದಿಟ್ಟ ಅರಣ್ಯ, ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಮೂರು ಕಡೆಗೂ ವಿದ್ಯಾರ್ಥಿಗಳನ್ನು ಅವಶ್ಯವಾಗಿ ಕರೆದೊಯ್ಯಿರಿ, ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿರಿ. ಸ್ಟ್ರೊಮಟೊಲೈಟ್ ಇರುವ ಕಡೆಯೂ ಫೋಟೊ ತೆಗೆದರೆ ಸಾಕು.

ಪಯಣಿಗ, ವಿದ್ಯಾನಗರ, ದಾವಣಗೆರೆ

ಮೇಲಿನ ಹಿರಿಯರು ಕಲ್ಲಿನ ವಯಸ್ಸಿನ ವಿಚಾರವನ್ನು ಪೂರ್ತಿ ಹೇಳಿದ್ದಾರೆ. ನಾನು ಉಳಿಯುವಿಕೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಹವ್ಯಾಸದ ರುಚಿ ಇರುವುದೇ ಅಲ್ಲಿ. ಉದ್ಯೋಗದ ನಿಮಿತ್ತ ಕೆಲವು ವರ್ಷ ಜರ್ಮನಿಯಲ್ಲಿದ್ದಾಗ ಇದನ್ನು ಕಲಿತೆ. ಊರಿಗೆ ಮರಳಿದ ಮೇಲೆ ಗುಜರಾತಿನ ಕಛ್, ತಮಿಳುನಾಡಿನ ಅರಿಯಲೂರುಗಳ ಕಡೆ ಓಡಾಡಿದ್ದೇನೆ.

ಏಡಿಯ ಹೊರಕವಚ ಕೈಟಿನ್ ಎಂಬ ನಾರಿನಂತಹ ವಸ್ತು ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿ ಆದದ್ದು. ಕೈಟಿನ್ ಬೇಗ ಕೊಳೆಯುತ್ತದೆ, ಸುಣ್ಣ ಉಳಿಯುತ್ತದೆ. ಹಾಗಾಗಿ ಸುಣ್ಣ ಹೆಚ್ಚಾಗಿರುವ ಇಕ್ಕಳದ ತುದಿಗಳು ಎಲ್ಲ ಕಡೆಯೂ ಸಿಗುತ್ತವೆ, ಬೆನ್ನಿನ ಚಿಪ್ಪು ಅಲ್ಲಲ್ಲಿ ಸಿಗುತ್ತದೆ, ಕಾಲುಗಳೆಲ್ಲ ಜೋಡಿಕೊಂಡಿರುವ ಇಡೀ ಏಡಿ ಅಪರೂಪ, ತೆಳುಕವಚದ ಸೀಗಡಿ ಅದಕ್ಕಿಂತಲೂ ಅಪರೂಪ. ಅಮೆರಿಕದ ರಾಯ್ ಪ್ಲಾಟ್ನಿಕ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಸರಿನಲ್ಲಿ ಹೂತಿಟ್ಟ ಸೀಗಡಿಗಳು ಕೂಡ ಕೆಲವೇ ವಾರಗಳಲ್ಲಿ ಚೂರುಚೂರಾದವು. ಕೆಸರನ್ನು ಕೆದಕುವ ಜೀವಿಗಳಿದ್ದ ಕಡೆ ಇದು ಇನ್ನೂ ಬೇಗ ನಡೆಯುತ್ತದೆ. ಹೀಗಾಗಿ ಬೇಗ ಮುಚ್ಚಿಹೋಗುವುದಷ್ಟೇ ಸಾಲದು. ಕೆದಕುವವರು ಬಾರದಷ್ಟು ಆಮ್ಲಜನಕದ ಕೊರತೆ ಇರಬೇಕು, ಅಥವಾ ದೇಹ ಬಿಚ್ಚಿಕೊಳ್ಳುವ ಮೊದಲೇ ಖನಿಜವು ಸುತ್ತ ಗಟ್ಟಿಕಟ್ಟಬೇಕು.

ಈ ಎರಡು ದಾರಿಗಳಿಂದ ಎರಡು ಬಗೆಯ ಪಳೆಯುಳಿಕೆ ಹುಟ್ಟುತ್ತದೆ. ಮೊದಲನೆಯದು ಹಲಗೆಗಲ್ಲಿನ ಮೇಲೆ ಚಪ್ಪಟೆಯಾದದ್ದು. ಜರ್ಮನಿಯ ಜೋಲ್ನ್‌ಹೋಫೆನ್ ಸುಣ್ಣಕಲ್ಲು ಇದಕ್ಕೆ ಹೆಸರುವಾಸಿ. ಸುಮಾರು 15 ಕೋಟಿ ವರ್ಷಗಳ ಹಿಂದೆ ಉಪ್ಪು ಹೆಚ್ಚಾಗಿ, ತಳದಲ್ಲಿ ಉಸಿರೇ ಇಲ್ಲದಂತಿದ್ದ ಶಾಂತ ಹಿನ್ನೀರಿನಲ್ಲಿ ಅದು ಪದರುಪದರಾಗಿ ಕೂತಿತು. ಏಗರ್ ಎಂಬ ಸೀಗಡಿಯ ಮೈಗಿಂತ ಉದ್ದದ ಮೀಸೆ, ಮೆಕೊಕೈರಸ್ ಎಂಬ ಲಾಬ್ಸ್ಟರ್ ಬಗೆಯ ಪ್ರಾಣಿಯ ನೀಳವಾದ ಮುಂಗಾಲುಗಳು ಅಲ್ಲಿ ಹಾಗೆಯೇ ಉಳಿದಿವೆ. ಐಕ್‌ಸ್ಟೆಟ್ ಸುತ್ತಮುತ್ತ ಹವ್ಯಾಸಿಗಳಿಗಾಗಿಯೇ ಬಿಟ್ಟಿರುವ ಕ್ವಾರಿಗಳಿವೆ, ಶುಲ್ಕ ಕೊಟ್ಟು ಉಳಿ, ಸುತ್ತಿಗೆ ಹಿಡಿದು ಹಲಗೆಗಳನ್ನು ಬಿಡಿಸಬಹುದು. ಹೆಚ್ಚಾಗಿ ಸಿಗುವುದು ಸಕೊಕೋಮ ಎಂಬ ಪುಟ್ಟ ಕಡಲ ಲಿಲ್ಲಿ (ನಕ್ಷತ್ರಮೀನಿನ ಬಳಗದ ಪ್ರಾಣಿ). ಸೀಗಡಿ ಸಿಕ್ಕ ದಿನ ಅಕ್ಕಪಕ್ಕದವರೆಲ್ಲ ಬಂದು ಬಗ್ಗಿ ನೋಡುತ್ತಾರೆ. ಶಹಾಬಾದ್ ಕಲ್ಲಿನಲ್ಲಿರುವಂತಹ ಡೆಂಡ್ರೈಟ್ ಅಲ್ಲಿಯೂ ಹೇರಳವಾಗಿದೆ, ಹೊಸಬರು ಅಲ್ಲಿಯೂ ಅದನ್ನು ಜರೀಗಿಡ ಎಂದುಕೊಳ್ಳುತ್ತಾರೆ. ಲೆಬನಾನಿನ ಹಕೆಲ್ ಮತ್ತು ಹ್‌ಜೂಲಾದ ಸುಮಾರು 9.5 ಕೋಟಿ ವರ್ಷ ಹಳೆಯ ಹಲಗೆಗಳೂ ಇದೇ ಬಗೆಯವು.

ಎರಡನೆಯದು ಉಂಡೆಗಲ್ಲಿನ ಒಳಗಿನದು. ಕೊಳೆಯುವ ದೇಹ ತನ್ನ ಸುತ್ತಲಿನ ಕೆಸರಿನ ರಾಸಾಯನಿಕ ಗುಣವನ್ನು ಬದಲಿಸುತ್ತದೆ. ಅಲ್ಲಿ ಕ್ಯಾಲ್ಸೈಟ್, ಸಿಡೆರೈಟ್ ಅಥವಾ ಫಾಸ್ಫೇಟ್ ಗಟ್ಟಿಕಟ್ಟಿ ಉಂಡೆಯಾಗುತ್ತದೆ. ಮುಂದೆ ಮೇಲಿನ ಕೆಸರಿನ ಭಾರಕ್ಕೆ ಸುತ್ತಲಿನದೆಲ್ಲ ಚಪ್ಪಟೆಯಾದರೂ ಉಂಡೆಯೊಳಗಿನ ಪ್ರಾಣಿ ತನ್ನ ಉಬ್ಬುತಗ್ಗನ್ನು ಉಳಿಸಿಕೊಳ್ಳುತ್ತದೆ. ನ್ಯೂಜಿಲೆಂಡಿನ ಮೊಟುನೌ ಕಡಲದಂಡೆಯ ಟ್ಯುಮಿಡೊಕಾರ್ಸಿನಸ್ ಏಡಿಗಳು, ಇಂಗ್ಲೆಂಡಿನ ಶೆಪ್ಪಿ ದ್ವೀಪದ ಲಂಡನ್ ಕ್ಲೇ ಪದರದ ಏಡಿ ಮತ್ತು ಲಾಬ್ಸ್ಟರ್‌ಗಳು, ಅಮೆರಿಕದ ಇಲಿನಾಯ್‌ನ ಮೇಜನ್ ಕ್ರೀಕ್‌ನ ಸುಮಾರು 31 ಕೋಟಿ ವರ್ಷ ಹಳೆಯ ಸೀಗಡಿಗಳು ಈ ಬಗೆಯವು. ಮೇಜನ್ ಕ್ರೀಕ್‌ನ ಉಂಡೆಗಳನ್ನು ಸುತ್ತಿಗೆಯಿಂದ ಹೊಡೆಯುವುದಿಲ್ಲ. ನೀರಿನಲ್ಲಿ ನೆನೆಸಿ, ಫ್ರೀಜರಿನಲ್ಲಿಟ್ಟು, ಮತ್ತೆ ಕರಗಲು ಬಿಟ್ಟು, ಇದನ್ನೇ ಪುನಃ ಪುನಃ ಮಾಡುತ್ತಾರೆ. ಪ್ರಾಣಿಯಿರುವ ಪದರವೇ ದುರ್ಬಲವಾದ್ದರಿಂದ ಉಂಡೆ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಮೊಟುನೌ ಕಡೆಯವರು ಉಂಡೆಯ ಮೈಮೇಲೆ ಕಾಲಿನ ಅಡ್ಡಕೊಯ್ತದಂತಹ ಕಂದು ಬಳೆಗಳಿಗಾಗಿ ಕಣ್ಣಾಡಿಸುತ್ತಾರೆ. ಅಂತಹ ಒಂದು ಬಳೆ ಕಂಡರೆ ಒಳಗೆ ಮೈಯೂ ಇರುವ ಭರವಸೆ ಹೆಚ್ಚು.

ಇನ್ನು ಹೆಣವೋ ಪೊರೆಯೋ ಎಂಬ ವಿಚಾರ. ಏಡಿ ಬೆಳೆಯಬೇಕಾದರೆ ಪೊರೆ ಕಳಚಲೇಬೇಕು, ಹಾಗಾಗಿ ಒಂದೇ ಏಡಿ ಬದುಕಿರುವಾಗಲೇ ಹಲವು ಚಿಪ್ಪುಗಳನ್ನು ಬಿಟ್ಟುಹೋಗುತ್ತದೆ. ನಿಮ್ಮ ಕೈಯಲ್ಲಿರುವ ಗದ್ದೆ ಏಡಿಯ ಚಿಪ್ಪನ್ನೇ ತಿರುಗಿಸಿ ನೋಡಿ. ಅದು ಕಳಚಿದ ಪೊರೆಯಾಗಿದ್ದರೆ ಬೆನ್ನಿನ ಚಿಪ್ಪು ಹಿಂಬದಿಯಲ್ಲಿ ಮುಚ್ಚಳದಂತೆ ಮೇಲೆದ್ದಿರುತ್ತದೆ. ಮೆತ್ತನೆಯ ಏಡಿ ಹಿಂದಕ್ಕೆ ಸರಿದು ಹೊರಬಂದದ್ದು ಆ ಸಂದಿಯಿಂದ. ಪಳೆಯುಳಿಕೆಯಲ್ಲಿಯೂ ಬೆನ್ನುಚಿಪ್ಪು ಮುಂದಕ್ಕೆ ಜಾರಿದ್ದರೆ ಅಥವಾ ಹಿಂದುಗಡೆ ಬಾಯ್ಬಿಟ್ಟಿದ್ದರೆ ಅದನ್ನು ಪೊರೆ ಎಂದೇ ಓದುತ್ತಾರೆ. ಹೊಟ್ಟೆಯಡಿಯ ಮಡಿಕೆ ಕಿರಿದಾದ ತ್ರಿಕೋನವಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಕೋಟಿಗಟ್ಟಲೆ ವರ್ಷ ಹಳೆಯ ಏಡಿಯಲ್ಲಿಯೂ ಇದು ಕಾಣುತ್ತದೆ. ನನ್ನ ಮಟ್ಟಿಗೆ, ಹೊಳಪಾದ ಬಿಡಿ ಚಿಪ್ಪಿಗಿಂತ ಮಡಿಕೆಯೂ ಎದೆಫಲಕವೂ ಕಾಲಿನ ಬುಡಗಳೂ ಕಾಣುವ ಮಾಸಲು ಮಾದರಿಯೇ ಹೆಚ್ಚು ಬೆಲೆಯುಳ್ಳದ್ದು.

ನಮ್ಮ ದೇಶದಲ್ಲಿ ಏಡಿಗೆ ಕಛ್ ಮೊದಲ ಹೆಸರು. ಫರ್ಡಿನಾಂಡ್ ಸ್ಟೊಲಿಚ್ಕಾ 1871ರಲ್ಲಿಯೇ ಸಿಂಧ್ ಮತ್ತು ಕಛ್‌ಗಳ ಪಳೆಯುಳಿಕೆ ಏಡಿಗಳ ಬಗ್ಗೆ ಸರ್ವೇಕ್ಷಣಾ ಸಂಸ್ಥೆಯ ಪ್ರಕಟಣೆಯಲ್ಲಿ ಬರೆದರು. ಮೂರು ವರ್ಷಗಳ ನಂತರ ಯಾರ್ಕಂಡಿನಿಂದ ಮರಳುವಾಗ ಲಡಾಖಿನಲ್ಲಿ ತೀರಿಕೊಂಡ ಆ ವಿದ್ವಾಂಸರ ಹೆಸರನ್ನು ಪಳೆಯುಳಿಕೆಯ ಮೋಹವಿರುವ ಪ್ರತಿಯೊಬ್ಬ ಭಾರತೀಯನೂ ತಿಳಿದಿರಬೇಕು. ಕೇರಳದ ಕೊಲ್ಲಂ ಬಳಿ ಅಷ್ಟಮುಡಿ ಕೆರೆಯ ದಂಡೆಯ ಪಡಪ್ಪಕ್ಕರದಲ್ಲಿ ಮಯೊಸೀನ್ ಯುಗದ ಸುಣ್ಣಕಲ್ಲಿದೆ, ಅದರಲ್ಲಿ ಶಂಖ, ಚಿಪ್ಪುಗಳೊಡನೆ ಏಡಿಯ ಅವಶೇಷಗಳೂ ದಾಖಲಾಗಿವೆ. ಅರಿಯಲೂರಿನ ಕ್ರಿಟೇಷಿಯಸ್ ಪದರಗಳು ಅಮೊನೈಟ್ ಎಂಬ ಸುರುಳಿಚಿಪ್ಪಿನ ಕಡಲಜೀವಿಗಳಿಗೂ ಇತರ ಚಿಪ್ಪುಗಳಿಗೂ ಪ್ರಸಿದ್ಧ. ಏಡಿ ವರ್ಗದ್ದು ಅಲ್ಲಿ ಕಡಿಮೆ, ಆದರೆ ಬಿಲ ಕೊರೆಯುವ ಸೀಗಡಿಗಳು ಮಾಡಿದಂತಹ ಕವಲೊಡೆದ ಬಿಲಗಳ ಅಚ್ಚು ಮರಳುಗಲ್ಲಿನಲ್ಲಿ ಕಾಣಸಿಗುತ್ತದೆ. ನಮ್ಮಿಂದ ಹತ್ತಿರವಾದ ಕಾರಣ ಮೊದಲ ಪ್ರಯಾಣಕ್ಕೆ ಅರಿಯಲೂರನ್ನೇ ಸೂಚಿಸುತ್ತೇನೆ. ಅಲ್ಲಿನ ವಾರಣವಾಸಿಯ ಪಳೆಯುಳಿಕೆ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿಕೊಂಡರೆ ಹೊರಗೆ ಏನನ್ನು ಹುಡುಕಬೇಕೆಂಬುದು ಕಣ್ಣಿಗೆ ಕೂರುತ್ತದೆ. ಸುಣ್ಣಕಲ್ಲಿನ ಗಣಿಗಳಿಗೆ ಅನುಮತಿಯಿಲ್ಲದೆ ಇಳಿಯುವಂತಿಲ್ಲ, ಅನುಮತಿ ಸಿಕ್ಕರೂ ಗೋಡೆಯ ಬುಡದಲ್ಲಿ ನಿಲ್ಲಬೇಡಿ.

ಚನ್ನಗಿರಿ ಸೀಮೆ, ಈಗ ಕಲಬುರಗಿ

ದೊಡ್ಡ ಏಡಿಗಾಗಿ ಕಛ್‌ವರೆಗೆ ಹೋಗುವ ಮೊದಲು, ಕರ್ನಾಟಕದ ಒಳಗೇ ಇರುವ ಕ್ರಸ್ಟೇಷಿಯನ್ ಪಳೆಯುಳಿಕೆಯ ಕಡೆಗೆ ಮೇಡಂ ಅವರ ಗಮನ ಸೆಳೆಯಲು ಬಯಸುತ್ತೇನೆ. ಆಸ್ಟ್ರಕಾಡ್‌ಗಳು ಏಡಿ, ಸೀಗಡಿಗಳ ಬಳಗಕ್ಕೇ ಸೇರಿದವು. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನಷ್ಟು ಇರುವ ಈ ಜೀವಿಗಳ ಮೈ, ಕೀಲಿನಿಂದ ಕೂಡಿದ ಎರಡು ಕ್ಯಾಲ್ಸೈಟ್ ಚಿಪ್ಪುಗಳ ನಡುವೆ ಅಡಗಿರುತ್ತದೆ. ಅವುಗಳಲ್ಲಿ ದೊಡ್ಡ ಪಂಗಡವೊಂದು ಪ್ರೌಢಾವಸ್ಥೆಗೆ ಬರುವಷ್ಟರಲ್ಲಿ ಎಂಟು ಬಾರಿ ಪೊರೆ ಕಳಚುವುದರಿಂದ, ಒಂದೇ ಜೀವಿ ಒಂಬತ್ತು ಜೊತೆ ಚಿಪ್ಪುಗಳನ್ನು ಕೆಸರಿಗೆ ಸೇರಿಸಬಲ್ಲದು. ಕ್ರಸ್ಟೇಷಿಯನ್‌ಗಳಲ್ಲೆಲ್ಲ ಪಳೆಯುಳಿಕೆಯ ದಾಖಲೆ ಇವುಗಳದ್ದೇ ಅತ್ಯಂತ ಸಮೃದ್ಧವಾಗಿರುವುದಕ್ಕೆ ಇದೂ ಒಂದು ಕಾರಣ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಲಾವಾ ಹರಿಯುತ್ತಿದ್ದಾಗ, ಒಂದು ಹರಿವಿಗೂ ಮತ್ತೊಂದಕ್ಕೂ ನಡುವೆ ಬಿಡುವು ಸಿಕ್ಕ ಕಡೆ ಕೆರೆಗಳು ನಿಂತವು. ಆ ಕೆರೆಗಳ ಕೆಸರೇ ಇಂದು ಲಾವಾ ಪದರಗಳ ನಡುವಿನ ತೆಳುವಾದ ಜೇಡಿ, ಸುಣ್ಣಜೇಡಿ, ಚರ್ಟ್ (ಗಟ್ಟಿಯಾದ ಸಿಲಿಕಾ ಕಲ್ಲು) ಪಟ್ಟಿಗಳಾಗಿ ಉಳಿದಿದೆ. ಭೂವಿಜ್ಞಾನಿಗಳು ಇವನ್ನು ಇಂಟರ್‌ಟ್ರ್ಯಾಪಿಯನ್ ಪದರ ಎನ್ನುತ್ತಾರೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತಿನ ಇಂತಹ ಪದರಗಳಿಂದ ಆಸ್ಟ್ರಕಾಡ್‌ಗಳೂ ಕೆರೆಪಾಚಿಯ ಬೀಜಕೋಶಗಳೂ ವರದಿಯಾಗಿವೆ. ಡೈನೊಸಾರ್‌ಗಳ ಕೊನೆಗಾಲದಲ್ಲಿ ನಮ್ಮ ರಾಜ್ಯದ ಕೆರೆಯೊಂದರಲ್ಲಿ ಈಜುತ್ತಿದ್ದ ಜೀವಿಯ ಚಿಪ್ಪನ್ನು, ಅದರ ಕೀಲು ಮತ್ತು ಸ್ನಾಯು ಅಂಟಿದ್ದ ಚುಕ್ಕೆಗಳ ಸಮೇತ, ಕನ್ನಡದ ಹುಡುಗ ಹುಡುಗಿಯರು ಸೂಕ್ಷ್ಮದರ್ಶಕದಲ್ಲಿ ನೋಡಬಹುದು ಎಂಬುದೇ ನನಗೆ ದೊಡ್ಡ ಸಂಗತಿ.

ಉಳಿಯುವಿಕೆಯ ವಿಚಾರದಲ್ಲಿಯೂ ಈ ಗುಂಪು ಹಿಂದೆ ಬಿದ್ದಿಲ್ಲ. ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ 42.5 ಕೋಟಿ ವರ್ಷ ಹಳೆಯ ಉಂಡೆಗಲ್ಲಿನಲ್ಲಿ ದೊರೆತು 2003ರಲ್ಲಿ ಪ್ರಕಟವಾದ ಕಾಲಿಂಬೊಸಾಥಾನ್ ಎಂಬ ಆಸ್ಟ್ರಕಾಡ್‌ನಲ್ಲಿ ಕಾಲು, ಕಿವಿರು, ಗಂಡಿನ ಅಂಗ ಕೂಡ ಉಳಿದಿದ್ದವು. ಸ್ವೀಡನ್ನಿನ ಆರ್ಸ್ಟೆನ್ ಸುಣ್ಣಕಲ್ಲಿನ ಉಂಡೆಗಳನ್ನು ಆಮ್ಲದಲ್ಲಿ ಕರಗಿಸಿ ಕ್ಲಾಸ್ ಮ್ಯೂಲರ್ ಅವರು ಹೊರತೆಗೆದ, ಫಾಸ್ಫೇಟಾಗಿ ಮಾರ್ಪಟ್ಟ ಕೇಂಬ್ರಿಯನ್ ಯುಗದ ಮರಿಗಳಲ್ಲಿ ಕಾಲಿನ ರೋಮಗಳನ್ನೂ ಎಣಿಸಬಹುದು.

ಕೆಲಸದ ಕ್ರಮ ಸರಳವಾಗಿದೆ. ಪದರದ ಜೇಡಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅಡಿಗೆ ಸೋಡಾ ಹಾಕಿದ ನೀರಿನಲ್ಲಿ ಮುಳುಗಿಸಿಡಿ. ಒಣಗಿದ ಜೇಡಿ ನೀರು ಕುಡಿದು ತಾನಾಗಿಯೇ ಕುಸಿಯುತ್ತದೆ. ಹಸಿ ಜೇಡಿಯನ್ನು ಹಾಗೆಯೇ ಹಾಕಿದರೆ ಗಂಟೆಗಟ್ಟಲೆ ಕಾದರೂ ಮುದ್ದೆಯಾಗಿಯೇ ಉಳಿಯುತ್ತದೆ. ಆ ರಾಡಿಯನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಗುರವಾದ ನೀರಿನ ಧಾರೆಗೆ ಹಿಡಿದು, ಬೆರಳಿನಿಂದ ಉಜ್ಜದೆ ತೊಳೆದು, ಉಳಿದದ್ದನ್ನು ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಹರಡಬೇಕು. ಒದ್ದೆ ಮಾಡಿದ ಮೊನಚು ಕುಂಚದ ತುದಿಯನ್ನು ತಾಗಿಸಿದರೆ ಚಿಪ್ಪು ಅಂಟಿಕೊಂಡು ಬರುತ್ತದೆ. ಇಲ್ಲಿ ಆಮ್ಲವನ್ನು ಮಾತ್ರ ಬಳಸಬಾರದು. ಆರ್ಸ್ಟೆನ್‌ನವು ಫಾಸ್ಫೇಟ್ ಆದ್ದರಿಂದ ಉಳಿದವು. ಕ್ಯಾಲ್ಸೈಟ್ ಚಿಪ್ಪುಗಳು ವಿನಿಗರಿನಲ್ಲಿಯೇ ಕರಗಿಹೋಗುತ್ತವೆ.

ಅಭ್ಯಾಸಕ್ಕೆ ಗುರುಮಠಕಲ್‌ವರೆಗೆ ಬರಬೇಕಾಗಿಯೂ ಇಲ್ಲ. ಸೂಳೆಕೆರೆಯ ಅಂಚಿನ ಕೆಸರು, ಭತ್ತದ ಗದ್ದೆಯ ನೀರು, ಊರಕೆರೆಯ ಪಾಚಿ, ಎಲ್ಲ ಕಡೆಯೂ ಜೀವಂತ ಆಸ್ಟ್ರಕಾಡ್‌ಗಳಿವೆ. ಒಂದು ಹಿಡಿ ಕೆಸರನ್ನು ಇದೇ ಕ್ರಮದಲ್ಲಿ ತೊಳೆದು ಚಿಪ್ಪುಗಳನ್ನು ಆರಿಸಿ, ದೊಡ್ಡದು ಸಣ್ಣದು ಎಂದು ಸಾಲಾಗಿ ಜೋಡಿಸಿದರೆ, ಒಂದು ಜಾತಿಯ ಬೆಳವಣಿಗೆಯ ಮೆಟ್ಟಿಲುಗಳು ಮಕ್ಕಳಿಗೆ ಕಣ್ಣೆದುರೇ ಸಿಗುತ್ತವೆ.

ಹಿರಿಯೂರಿನವಳು, ದಾವಣಗೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಂಡೆಗಳನ್ನು ಒಡೆದೆ, ಹೇಳಿದಂತೆಯೇ ಒಳಗೆ ಬಿಳಿಬೂದು ಸುಣ್ಣ, ನಿಂಬೆರಸಕ್ಕೆ ನೊರೆಯೂ ಬಂತು. ಕಪ್ಪು ಕವಲುಗಳಲ್ಲಿ ಗೆಣ್ಣು ಒಂದೂ ಕಾಣಲಿಲ್ಲ. ಸೂಳೆಕೆರೆಯ ಕೆಸರಿನಿಂದಲೇ ಆರಂಭಿಸುವುದೆಂದು ನಿರ್ಧರಿಸಿದ್ದೇನೆ. ಕಾಲೇಜಿನ ಪ್ರಯೋಗಾಲಯಕ್ಕೆ ಯಾವ ಜರಡಿ ಮತ್ತು ಸೂಕ್ಷ್ಮದರ್ಶಕ ಬೇಕು ಎಂಬುದನ್ನು ತಿಳಿಸಬೇಕಾಗಿ ವಿನಂತಿ. ಇನ್ನೊಂದು ವಿಷಯ: ತರಗತಿಯಲ್ಲಿ ತೋರಿಸಲು ಒಂದು ಸೀಗಡಿ ಪಳೆಯುಳಿಕೆಯನ್ನು ಆನ್‌ಲೈನಿನಲ್ಲಿ ಕೊಳ್ಳಬಹುದೇ? ಅಂಬರಿನೊಳಗಿನ (ಕಲ್ಲಾದ ಮರದಂಟಿನೊಳಗಿನ) ಏಡಿಯ ಚಿತ್ರವನ್ನೂ ಒಬ್ಬರು ಕಳುಹಿಸಿದ್ದಾರೆ.

ಪಯಣಿಗ, ವಿದ್ಯಾನಗರ, ದಾವಣಗೆರೆ

ಕೊಳ್ಳುವುದಾದರೆ ಕಲ್ಲು ಎಲ್ಲಿಯದು, ಯಾವ ಪದರದ್ದು ಎಂದು ಬರೆದುಕೊಡದವರಿಂದ ಕೊಳ್ಳಬೇಡಿ. ಹಲಗೆಗಲ್ಲಿನ ಸೀಗಡಿಗಳಲ್ಲಿ ಇಲ್ಲದ ಮೀಸೆ, ಕಾಲುಗಳನ್ನು ಬಣ್ಣದಿಂದ ಬರೆದು ಸೇರಿಸುವುದು ಹೆಚ್ಚು. ಕತ್ತಲೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ನಿಜವಾದ ಕವಚ ಒಂದು ಬಗೆಯಲ್ಲಿ ಹೊಳೆಯುತ್ತದೆ, ಬಣ್ಣ ಮತ್ತು ಅಂಟು ಬೇರೆ ಬಗೆಯಲ್ಲಿ ಕಾಣುತ್ತವೆ. ಮೀಸೆಯ ಗೆರೆ ಕಲ್ಲಿನ ಸಣ್ಣ ಗುಳಿಗಳ ಒಳಕ್ಕೂ ಇಳಿದಿದೆಯೇ, ಬಿರುಕಿನ ಮೇಲೆ ತಡೆಯಿಲ್ಲದೆ ಹಾದುಹೋಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಕುಂಚದ ಗೆರೆ ಬಿರುಕನ್ನು ಲೆಕ್ಕಿಸುವುದಿಲ್ಲ, ಪಳೆಯುಳಿಕೆ ಬಿರುಕಿನ ಜೊತೆಗೇ ಮುರಿದಿರುತ್ತದೆ. ದೇಶಗಳ ಕಾನೂನೂ ಬೇರೆ ಬೇರೆ: ನ್ಯೂಜಿಲೆಂಡಿನಿಂದ ಪಳೆಯುಳಿಕೆ ಹೊರಗೆ ತರಲು 1975ರ ಸಂರಕ್ಷಿತ ವಸ್ತುಗಳ ಕಾಯಿದೆಯಡಿ ಅನುಮತಿ ಬೇಕು.

ಅಂಬರಿನ ಏಡಿ ಎಂದರೆ 2021ರಲ್ಲಿ ಪ್ರಕಟವಾದ ಕ್ರೆಟಾಪ್ಸಾರಾ ಇರಬೇಕು. ಮ್ಯಾನ್ಮಾರಿನ ಸುಮಾರು 10 ಕೋಟಿ ವರ್ಷ ಹಳೆಯ ಅಂಬರಿನಲ್ಲಿ, ಕಿವಿರಿನ ಸಮೇತ ಉಳಿದಿರುವ ಪುಟ್ಟ ಏಡಿ ಅದು. ನೋಡಿದಷ್ಟೂ ಸಾಲದು ಎನಿಸುವಂತಹದ್ದು. ಆದರೆ ಆ ಅಂಬರಿನ ಗಣಿಗಳು ಕಾಚಿನ್ ಪ್ರಾಂತ್ಯದ ಸಶಸ್ತ್ರ ಸಂಘರ್ಷದೊಳಗೆ ಸಿಲುಕಿವೆ, ಅದರ ವ್ಯಾಪಾರದ ಬಗ್ಗೆ ವಿಜ್ಞಾನಿಗಳೇ ಆಕ್ಷೇಪ ಎತ್ತಿದ್ದಾರೆ. ಕೊಳ್ಳಬೇಡಿ ಎಂದೇ ನನ್ನ ಸಲಹೆ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತರಗತಿಯಲ್ಲಿ ಹಾಕಿ.

ಕೋಟೆನಾಡಿನ ಕಲ್ಲು, ಚಿತ್ರದುರ್ಗ

ಕಾನೂನಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಭೂಪರಂಪರೆಯ ತಾಣಗಳು ಮತ್ತು ಅವಶೇಷಗಳ ಸಂರಕ್ಷಣೆಗೆ ಕೇಂದ್ರ ಸರ್ಕಾರ 2022ರಲ್ಲಿ ಕರಡು ಮಸೂದೆಯೊಂದನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಕಾನೂನು ಏನೇ ಇರಲಿ, ಹೊಲ ಯಾರದ್ದೋ ಅವರನ್ನು ಕೇಳದೆ ಕಲ್ಲು ಎತ್ತುವಂತಿಲ್ಲ. ಗೋಡೆಯಂತೆ ನಿಂತ ಪದರವನ್ನು ಕೊರೆಯದೆ, ಮಳೆಗೆ ಕಳಚಿ ಕೆಳಗೆ ಬಿದ್ದದ್ದನ್ನು ಮಾತ್ರ ಆರಿಸುವುದು ಹವ್ಯಾಸಿಗೆ ಶೋಭೆ.

ಸಿಕ್ಕ ಪ್ರತಿಯೊಂದು ತುಣುಕಿಗೂ ಅಲ್ಲಿಯೇ ನಿಂತು ಚೀಟಿ ಬರೆಯಿರಿ: ಊರು, ಹೊಲ ಅಥವಾ ಹಳ್ಳದ ಹೆಸರು, ಮೊಬೈಲಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶ, ಪದರದ ಬಣ್ಣ ಮತ್ತು ದಪ್ಪ, ದಿನಾಂಕ. ಮನೆಗೆ ಬಂದು ಬರೆಯುತ್ತೇನೆಂದರೆ ಎರಡು ಹಳ್ಳಗಳ ಕಲ್ಲು ಕಲಸಿಹೋಗುತ್ತದೆ. ಊರು ತಿಳಿಯದ ಏಡಿ ಎಷ್ಟೇ ಚೆಂದವಿದ್ದರೂ ವಿಜ್ಞಾನಕ್ಕೆ ಅದರಿಂದ ದೊರೆಯುವುದು ಅಲ್ಪ. ಊರು, ಪದರ ತಿಳಿದಿರುವ ಒಂದು ಮುರುಕು ಇಕ್ಕಳ ಅದಕ್ಕಿಂತ ಹೆಚ್ಚು ಹೇಳುತ್ತದೆ. ಅಸಾಧಾರಣವಾದದ್ದು ಕಂಡರೆ ಬಿಡಿಸುವ ಗೋಜಿಗೆ ಹೋಗದೆ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಸರ್ವೇಕ್ಷಣಾ ಸಂಸ್ಥೆಗೋ ತಿಳಿಸಿ.

ಚನ್ನಗಿರಿ ಸೀಮೆ, ಈಗ ಕಲಬುರಗಿ

ಮೇಡಂ, ಎರಡು ಜರಡಿ ಸಾಕು. ಮೇಲೆ ಒಂದು ಮಿಲಿಮೀಟರ್ ಕಣ್ಣಿನದು, ಕೆಳಗೆ 0.15 ಮಿಲಿಮೀಟರಿನ ಆಸುಪಾಸಿನದು. ಕಡ್ಡಿ, ಬೇರುಗಳು ಮೇಲಿನದರಲ್ಲಿ ನಿಲ್ಲುತ್ತವೆ, ಚಿಪ್ಪುಗಳು ಕೆಳಗಿನದರಲ್ಲಿ. ದೊಡ್ಡ ಜಾತಿಯ ಚಿಪ್ಪುಗಳು ಮೇಲೆಯೇ ಉಳಿಯಬಹುದಾದ್ದರಿಂದ ಅದನ್ನೂ ಒಮ್ಮೆ ನೋಡಿಯೇ ಚೆಲ್ಲಿ. ಹಿತ್ತಾಳೆಯ ಜರಡಿ ದುಬಾರಿ ಎನಿಸಿದರೆ, ಪ್ಲಾಸ್ಟಿಕ್ ಪೈಪಿನ ತುಂಡಿಗೆ ಸ್ಕ್ರೀನ್ ಪ್ರಿಂಟಿಂಗಿನವರು ಬಳಸುವ ನೈಲಾನ್ ಬಟ್ಟೆಯನ್ನು ಬಿಗಿದು ಕಟ್ಟಿಕೊಳ್ಳಬಹುದು. ಒಂದು ಕೆರೆಯ ಕೆಸರು ತೊಳೆದ ಮೇಲೆ ಜರಡಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯದಿದ್ದರೆ ಅದರ ಚಿಪ್ಪುಗಳು ಮುಂದಿನ ಮಾದರಿಗೆ ಸೇರಿಕೊಳ್ಳುತ್ತವೆ. ಗುರುಮಠಕಲ್‌ನ ಜೇಡಿಗೆ ಬೇರೆಯದೇ ಜರಡಿ ಇಟ್ಟುಕೊಳ್ಳಿ, ಇಲ್ಲವಾದರೆ ಸೂಳೆಕೆರೆಯ ಇಂದಿನ ಚಿಪ್ಪನ್ನು 6.6 ಕೋಟಿ ವರ್ಷ ಹಳೆಯದೆಂದು ಓದುವ ಅಪಾಯವಿದೆ.

ಸೂಕ್ಷ್ಮದರ್ಶಕ ಕೆಳಗಿನಿಂದ ಬೆಳಕು ಬಿಡುವ ಸಾಮಾನ್ಯ ಬಗೆಯದಾದರೆ ಉಪಯೋಗವಿಲ್ಲ. ಮೇಲಿನಿಂದ ಬೆಳಕು ಬೀಳುವ, ಎರಡು ಕಣ್ಣಿನ ಸ್ಟೀರಿಯೊ ಬಗೆಯದು ಬೇಕು. 20ರಿಂದ 40 ಪಟ್ಟು ಹಿಗ್ಗಿಸಿದರೆ ಸಾಕಾಗುತ್ತದೆ. ದೀಪವನ್ನು ಒಂದೇ ಬದಿಯಿಂದ ತಗ್ಗಾಗಿ ಹಿಡಿದರೆ ಚಿಪ್ಪಿನ ಮೇಲಿನ ಗುಳಿ, ಗೆರೆಗಳ ನೆರಳು ಬಿದ್ದು ಅಲಂಕಾರ ಎದ್ದು ಕಾಣುತ್ತದೆ. ಮಳೆಗಾಲ ಮುಗಿದು ಗುರುಮಠಕಲ್ ಕಡೆಯ ಹಳ್ಳಗಳಲ್ಲಿ ನೀರು ಇಳಿದ ಮೇಲೆ ಇಲ್ಲಿ ತಿಳಿಸಿದರೆ, ಹೊಲದವರ ಅನುಮತಿ ಕೇಳಿಟ್ಟು ನಾನೂ ಜೊತೆಗೆ ಬರುತ್ತೇನೆ.